ತಂಗಿಯ ಕಂಪ್ಯೂಟರ್ ಸೊಲ್ಲಾಪುರಕ್ಕೆ ಹೋದದ್ದು

ತಂಗಿ ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಅವಳ ಕಂಪ್ಯೂಟರ್ ಮಾತ್ರ ಆಂಧ್ರದ ಆದವಾನಿಯ ನಮ್ಮ ಮನೆಯ ನಡುಕೋಣೆಯಲ್ಲೇ ಹಳೆಯ ಸೀರೆ ಹೊದ್ದು ಕೂತಿತ್ತು. ಅದನ್ನು ಕಟ್ಟಿ ಕಳಿಸುವ ಕೆಲಸ ನನ್ನದು. ಪ್ರತಿ ಭಾನುವಾರ ಅವಳು ಕೇಳುವಳು, ಪ್ರತಿ ಭಾನುವಾರ ನಾನೊಂದು ನೆವ ಹೇಳುವೆ. ರಟ್ಟಿನ ಪೆಟ್ಟಿಗೆ ಸಿಕ್ಕಿಲ್ಲ, ಉತ್ತರಪತ್ರಿಕೆ ತಿದ್ದುವುದಿದೆ, ಸೊಂಟ ಹಿಡಿದಿದೆ.

ಅಕ್ಕ ತಂಗಿ ನಾವಿಬ್ಬರೇ ಇದ್ದವರು. ನಾನು ಪೆದ್ದಹರಿವಾಣಂನ ಕನ್ನಡ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ಸು. ತಂಗಿಗೆ ಎಳವೆಯಲ್ಲೇ ಪೋಲಿಯೋ ಆಗಿ ಒಂದು ಕಾಲು ಸೋತಿತ್ತು. ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಕಲಿತಳು. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಮಠದ ಕರಪತ್ರ, ಹೀಗೆ ಈ ಊರಲ್ಲಿ ಕನ್ನಡದಲ್ಲಿ ಅಚ್ಚಾಗಬೇಕಾದದ್ದರಲ್ಲಿ ಮುಕ್ಕಾಲು ಪಾಲು ಅವಳ ಬೆರಳು ದಾಟಿ ಹೋಗುತ್ತಿತ್ತು. ಸೊಲ್ಲಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದವರೊಬ್ಬರು, ಹೆಂಡತಿ ತೀರಿಕೊಂಡಿದ್ದವರು, ಮೂರು ವರ್ಷ ಅವಳ ಕೈಯಿಂದಲೇ ಕನ್ನಡದ ಕೆಲಸ ಮಾಡಿಸಿಕೊಂಡರು. ಕೆಲಸದ ಮಾತು ಮುಗಿದ ಮೇಲೂ ಫೋನು ಮುಗಿಯುತ್ತಿರಲಿಲ್ಲ. ಕೊನೆಗೆ ಅವರೇ ರೈಲು ಹತ್ತಿ ಬಂದು ಕೇಳಿದರು. ಅವಳಿಗೆ ಆಗ ಮೂವತ್ತೊಂಬತ್ತು. ನಾನು ಬೇಡ ಎನ್ನಲಿಲ್ಲ. ಬೇಕು ಎಂದೂ ಹೇಳಲಿಲ್ಲ.

ಅಲ್ಲಿ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಇತ್ತು. ಆದರೆ ಇವಳು ಹಳೆಯ ಕಂಪ್ಯೂಟರಿನಲ್ಲಿ ಬಳಸುತ್ತಿದ್ದ ಕನ್ನಡ ಅಕ್ಷರಗಳು ಅದರಲ್ಲಿ ಮೂಡುತ್ತಿರಲಿಲ್ಲ. ಒತ್ತಕ್ಷರಗಳೆಲ್ಲ ಖಾಲಿ ಚೌಕಗಳಾಗುತ್ತಿದ್ದವಂತೆ. ಬಂದ ಕೆಲಸವನ್ನು ವಾಪಸ್ಸು ಕಳಿಸುತ್ತಿದ್ದೇನೆ ಎಂದು ಒಂದು ದಿನ ಸಣ್ಣ ದನಿಯಲ್ಲಿ ಹೇಳಿದಳು. ಆಗ ನನ್ನ ನೆವಗಳು ಮುಗಿದವು.

ಮರುದಿನವೇ ಟಿವಿ ಅಂಗಡಿಯಿಂದ ಎರಡು ದೊಡ್ಡ ಪೆಟ್ಟಿಗೆ, ಥರ್ಮಾಕೋಲ್ ತುಂಡು, ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ ತಂದೆ. ಭಾನುವಾರ ಮಧ್ಯಾಹ್ನ ಪುಸ್ತಕಗಳ ಸಾಲಿಗೆ ಫೋನ್ ಒರಗಿಸಿದೆ. ತಂಗಿ ಅದರೊಳಗಿಂದ ನೋಡುತ್ತ ಹೇಳುವಳು, ನಾನು ಮಾಡುವೆ.

"ವೈರ್ ಕೀಳೋಕ್ಕಿಂತ ಮುಂಚೆ ಫೋಟೋ ಹೊಡಿ. ಯಾವುದು ಎಲ್ಲಿತ್ತು ಅಂತ ಆಮ್ಯಾಗ ನೆನಪಿರಂಗಿಲ್ಲ."

ಫೋಟೋ ಹೊಡೆದೆ. ಎರಡು ಮಸುಕಾದವು, ಮತ್ತೆ ಹೊಡೆದೆ. ಪಕ್ಕದ ತಗಡು ಬಿಚ್ಚಿ ಹಾರ್ಡ್ ಡಿಸ್ಕ್ ಹೊರತೆಗೆದು, ಅವಳು ಬಿಟ್ಟುಹೋಗಿದ್ದ ಬೆಳ್ಳಿ ಬಣ್ಣದ ಚೀಲದಲ್ಲಿ ಹಾಕಿ ಸುತ್ತಿದೆ. ತಿರುಪುಗಳನ್ನು ಕುಂಕುಮದ ಪೊಟ್ಟಣದಂತೆ ಕಾಗದದಲ್ಲಿ ಮಡಚಿ ಟೇಪ್ ಹಚ್ಚಿದೆ. ಅಷ್ಟಕ್ಕೇ ಬೆನ್ನು ಒದ್ದೆಯಾಗಿತ್ತು. ಫ್ಯಾನ್ ಹಾಕಿದರೆ ಥರ್ಮಾಕೋಲಿನ ಬಿಳಿ ಕಾಳುಗಳು ಮನೆ ತುಂಬ ಹಾರುತ್ತಿದ್ದವು.

ಅಷ್ಟರಲ್ಲಿ ಅವಳ ಅಂಗಡಿಗೆ ಯಾರೋ ಬಂದರು. "ಐದು ನಿಮಿಷ, ಏನೂ ಮುಟ್ಟಬ್ಯಾಡ" ಎಂದು ಫೋನ್ ಇಟ್ಟಳು. ನನಗೆ ಸುಮ್ಮನೆ ಕೂರಲಾಗಲಿಲ್ಲ. ತೆರೆದ ಡಬ್ಬಿಯೊಳಗೆ ಪ್ರೊಸೆಸರಿನ ಮೇಲಿನ ದಪ್ಪ ಲೋಹದ ಗಡ್ಡೆ ಒಂದೇ ಕಡೆ ಜೋತಂತೆ ಕಂಡಿತು. ಲಾರಿ ಕುಲುಕಿದರೆ ಮುರಿಯುವುದಿಲ್ಲವೇ? ಹಾಸಿಗೆ ಹೊಲಿಸಲೆಂದು ತಂದಿಟ್ಟ ಹತ್ತಿ ಅಟ್ಟದ ಮೇಲಿತ್ತು. ಇಳಿಸಿದೆ. ಮೂಲೆ ಮೂಲೆಗೂ ಒತ್ತಿ ತುಂಬಿದೆ. ಒಂದಿಷ್ಟೂ ಅಲುಗಾಡಲಿಲ್ಲ. ಹೆಮ್ಮೆಯಿಂದ ನಾನೇ ಫೋನ್ ಮಾಡಿ ತೋರಿಸಿದೆ.

"ಅಕ್ಕ, ಅದೇನದು ಬೆಳ್ಳಗ?"

"ಹತ್ತಿ. ಮೆತ್ತಗ ಐತಿ, ಏನೂ ಆಗಂಗಿಲ್ಲ."

"ಅಯ್ಯೋ ತೆಗಿ! ಮೊದ್ಲು ತೆಗಿ! ಒಳಗಿನ ಫ್ಯಾನಿಗೆ ಸುತ್ಕೊಂಡ್ರ ಸುಟ್ಟೇ ಹೋಗ್ತೈತಿ!"

ತೆಗೆದೆ. ಹಿಡಿ ಹಿಡಿ ಬಂದದ್ದು ಸುಲಭವಾಗಿ ಬಂತು. ಉಳಿದ ಎಳೆಗಳು ಪ್ರತಿ ಮುಳ್ಳಿಗೂ, ಪ್ರತಿ ತಂತಿಗೂ ಅಂಟಿಕೊಂಡಿದ್ದವು. ಹುಬ್ಬು ತಿದ್ದುವ ಚಿಮಟ ಹಿಡಿದು ಕೂತೆ. ಮೂರು ಗಂಟೆ ಹಿಡಿಯಿತು. ಅವಳು ಫೋನಿನಲ್ಲಿ "ಅಲ್ಲಿ, ಅದರ ಹಿಂದ, ಇನ್ನೊಂದು" ಎನ್ನುತ್ತಲೇ ಇದ್ದಳು. ಒಂದು ಹಂತದಲ್ಲಿ ಚಿಮಟ ಕೈಜಾರಿ ಒಳಗೆ ಬಿತ್ತು. ನಾನು ಅದನ್ನು ತೆಗೆಯದೆ ಹಾಗೇ ಕೂತುಬಿಟ್ಟೆ.

ತಂಗಿ ಫೋನಿಗೆ ಮುಖ ಹತ್ತಿರ ತಂದಳು. ಆಮೇಲೆ ಕೇಳಿದಳು, "ಅಕ್ಕ, ನಿನಗ ಇದನ್ನ ಕಳಸಾಕ ಮನಸಿಲ್ಲೇನು?"

"ಮನಸಿಲ್ಲ" ಎಂದೆ. ಬಾಯಿಂದ ತಾನಾಗಿ ಬಂದುಬಿಟ್ಟಿತ್ತು. "ಇದು ಇಲ್ಲೇ ಇದ್ರ ನೀ ವಾಪಸ್ ಬರ್ತಿ ಅನಿಸ್ತೈತಿ."

ಅವಳು ಅಳಲಿಲ್ಲ. "ಬರ್ತೀನಿ, ಹಬ್ಬಕ್ಕ ಬರ್ತೀನಿ. ಆದ್ರ ಕೆಲಸಕ್ಕ ಅಲ್ಲ" ಎಂದಳು. ಆಮೇಲೆ ಟೀಚರ್ ನಾನಲ್ಲ, ಅವಳೇ ಎಂಬಂತೆ ಹೇಳಿದಳು, "ಈಗ ಚಿಮಟ ತೆಗಿ."

ಸೋಮವಾರ ರಜೆ ಹಾಕಿದೆ. ಪೆಟ್ಟಿಗೆಗಳಿಗೆ ಗೋಣಿ ಹೊಲಿಯಲು ಹಿಂದಿನ ಬೀದಿಯ ಹೆಂಗಸು ಬಂದಳು. ಆಕೆ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಮೂಟೆ ಹೊಲಿಯುವವಳು, ಮಾತಿಗೆ ತೆಲುಗು ಬೆರೆಸುವವಳು, ಮೊಳದುದ್ದದ ಸೂಜಿ ಜೊತೆಗೇ ಇರುತ್ತದೆ.

"ಏಂದಮ್ಮಾ ಟೀಚರಮ್ಮ, ಒಳಗೇನು ಕೂಸು ಮಲಗೈತಾ? ಇಷ್ಟು ಸುತ್ತೀರಿ!"

"ಗಟ್ಟಿ ಹೊಲಿ, ಆದ್ರ ಸೂಜಿ ಒಳಗ ಹೋಗಬಾರದು."

"ಲೇದಮ್ಮಾ, ಹೋಗಲ್ಲ. ನಲವತ್ತು ವರ್ಷ ಹೊಲಿದೀನಿ."

ನಾನು ಪ್ರತಿ ಹೊಲಿಗೆಗೂ ಬಗ್ಗಿ ನೋಡುತ್ತಿದ್ದೆ. ಆಕೆ ಕೊನೆಗೆ ನನ್ನನ್ನು ಚಹಾ ಮಾಡಲು ಕಳಿಸಿದಳು. ಗೋಣಿಯ ಮೇಲೆ ದೊಡ್ಡ ಬ್ರಷ್ಷಿನಿಂದ ನಾಲ್ಕೂ ಕಡೆ ಬಾಣ ಬರೆದು, ಕನ್ನಡ, ತೆಲುಗು, ಹಿಂದಿ ಮೂರರಲ್ಲೂ 'ನಾಜೂಕು' ಎಂಬ ಅರ್ಥ ಬರುವಂತೆ ಬರೆದೆ. ಆಟೋದಲ್ಲಿ ಲಾರಿ ಪಾರ್ಸೆಲ್ ಆಫೀಸಿಗೆ ಒಯ್ದೆ. ಅಲ್ಲಿನ ಗುಮಾಸ್ತ ಚೀಟಿ ಬರೆದು ಒಂದು ಪೆಟ್ಟಿಗೆಯನ್ನು ಮಗ್ಗುಲಾಗಿ ಉರುಳಿಸಿದ.

"ಬಾಣ ನೋಡ್ರಿ! ಮ್ಯಾಲೆ ಬರಬೇಕು!"

"ಮೇಡಮ್, ಲಾರಿಗೆ ಬಾಣ ಓದಾಕ ಬರಂಗಿಲ್ಲ."

ಆದರೂ ನೆಟ್ಟಗೆ ಇಟ್ಟ. ಮನೆಗೆ ಬಂದೆ. ನಾಲ್ಕು ಗಂಟೆಗೆ ಮತ್ತೆ ಆಟೋ ಹಿಡಿದು ಹೋದರೆ, ನಮ್ಮ ಪೆಟ್ಟಿಗೆಯೊಂದು ತಲೆಕೆಳಗಾಗಿತ್ತು, ಮೇಲೆ ಎರಡು ಮೆಣಸಿನಕಾಯಿ ಚೀಲ. ಯಾರನ್ನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಚೀಲ ಎಳೆದು ಹಾಕಿದೆ. ಸೀನು ಹತ್ತಿ ಕಣ್ಣಲ್ಲಿ ನೀರು ಬಂತು. ಗುಮಾಸ್ತ ಓಡಿ ಬಂದವನು ನನ್ನ ಮುಖ ನೋಡಿ ಪೆಟ್ಟಿಗೆ ನೆಟ್ಟಗೆ ಮಾಡಿದ. ಒಂದು ಸ್ಟೂಲು ತಂದುಕೊಟ್ಟ. ಲಾರಿಗೆ ಏರಿಸುವವರೆಗೂ ಅಲ್ಲೇ ಕೂತಿದ್ದೆ.

ಆಮೇಲಿನ ಮೂರು ದಿನ ನಾನು ಶಾಲೆಯಲ್ಲಿ ಏನು ಪಾಠ ಮಾಡಿದೆನೋ ಗೊತ್ತಿಲ್ಲ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಲಾರಿಯೊಳಗಿನ ಪೆಟ್ಟಿಗೆಗಳು ಕಣ್ಣಿಗೆ ಬರುತ್ತಿದ್ದವು. ನಾಲ್ಕನೆಯ ದಿನ ಊಟದ ಬಿಡುವಿನಲ್ಲಿ ತಂಗಿಯ ಫೋನ್ ಬಂತು.

"ಬಂತು. ಎಲ್ಲಾ ಜೋಡಿಸೀನಿ. ಆದ್ರ ಪರದೆ ಕಪ್ಪಗ ಐತಿ. ಮೂರು ಸಲ ಬೀಪ್ ಅಂತೈತಿ, ಸುಮ್ನಾಗ್ತೈತಿ."

ನಾನು ಶಾಲೆಯ ಕಟ್ಟೆಯ ಮೇಲೆ ಕೂತೆ. "ಹತ್ತಿ. ನನ್ನ ಹತ್ತಿಯಿಂದಾನ ಆಗೈತಿ."

"ನಿನ್ನ ಹತ್ತಿ ಅಲ್ಲ, ಸುಮ್ನಿರು. ರ‍್ಯಾಮ್ ಪಟ್ಟಿ ಸಡಿಲಾಗಿರಬೇಕು. ತಡಿ."

ತಡೆದೆ. ಅತ್ತ ಕಡೆ ಅವಳು ಗಂಡನಿಗೆ ಪೆನ್ಸಿಲ್ ಅಳಿಸುವ ರಬ್ಬರ್ ಕೇಳಿದ್ದು, ಏನನ್ನೋ ಉಜ್ಜಿದ್ದು, ಊರುಗೋಲು ನೆಲಕ್ಕೆ ಬಿದ್ದದ್ದು ಕೇಳಿಸಿತು. ಆಮೇಲೆ ಟಕ್ ಎಂಬ ಸದ್ದು. ಗಂಟೆ ಹೊಡೆದು ಮಕ್ಕಳು ಒಳಗೆ ಹೋದರು. ನಾನು ಏಳಲಿಲ್ಲ.

"ಬಂತು ಅಕ್ಕ. ಅಕ್ಷರ ಬಂತು. ಒತ್ತು ಸುದ್ದಾ ಸರಿ ಐತಿ."

ಕೆಳಗಿನ ತಗಡು ಒಂದು ಕಡೆ ನೆಗ್ಗಿದೆಯಂತೆ, ಬೇರೇನೂ ಆಗಿಲ್ಲವಂತೆ. ಊಟ ಆಯಿತೇ ಎಂದು ಕೇಳುವಷ್ಟರಲ್ಲಿ, "ಗಿರಾಕಿ ಬಂದಾರ, ಇಡ್ತೀನಿ" ಎಂದು ಇಟ್ಟುಬಿಟ್ಟಳು.

ಆ ದಿನ ಅವಳು ಮತ್ತೆ ಫೋನ್ ಮಾಡಲಿಲ್ಲ. ನಾನೂ ಮಾಡಬಾರದೆಂದು ಫೋನನ್ನು ಮನೆಯಲ್ಲೇ ಬಿಟ್ಟು ಪೇಟೆಗೆ ಹೋದೆ. ಸೊಪ್ಪು ಕೊಂಡು ಬಂದೆ. ಸ್ವಲ್ಪ ಹೊತ್ತಿಗೆ ಕೈ ಫೋನಿನತ್ತ ಹೋಯಿತು, ನಿಂಬೆಹಣ್ಣು ಮರೆತೆ ಎಂದು ನನಗೆ ನಾನೇ ಹೇಳಿಕೊಂಡು, ಅದನ್ನು ಅಲ್ಲೇ ಬಿಟ್ಟು ಮತ್ತೆ ಹೊರಟೆ.