ವೆಂಕಟಲಕ್ಷ್ಮಮ್ಮನವರು ಬಿಟ್ಟ ಬಿ.ಪಿ. ಮಾತ್ರೆ

ಅನ್ನಪೂರ್ಣೇಶ್ವರಿ ನಗರದಲ್ಲಿ ಹಿಟ್ಟಿನ ಗಿರಣಿ ನಡೆಸುವ ವೆಂಕಟಲಕ್ಷ್ಮಮ್ಮನವರು ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಅವರನ್ನೂ ಯಾರೂ ನಂಬುತ್ತಿರಲಿಲ್ಲ. ರಾಗಿ ತಂದವರು ತಮ್ಮ ಹಿಟ್ಟು ಅದಲುಬದಲಾದೀತೆಂದು ಡಬ್ಬ ತುಂಬುವವರೆಗೂ ಅಲ್ಲೇ ನಿಲ್ಲುತ್ತಿದ್ದರು.

"ನೋಡ್ಕಳಿ, ನೋಡ್ಕಳಿ, ನಿಮ್ಮ ರಾಗೀಲಿರೋ ಚಿನ್ನ ಕದ್ದುಬಿಟ್ಟೇನು" ಎಂದು ಇವರು ಕೆಣಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬರೇ ಉಳಿಸಿಕೊಂಡವರು. ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ.

ಕೊರೊನಾ ಬಂದ ವರ್ಷ, ಗಿರಾಕಿ ಹನುಮಂತಯ್ಯ ಫೋನಿಗೆ ಬಂದ ಸುದ್ದಿಯೊಂದನ್ನು ಓದಿ ಹೇಳಿದರು. "ಬಿ.ಪಿ. ಮಾತ್ರೆ ತಿಂದ್ರೆ ಮೈಯಲ್ಲಿ ಕೊರೊನಾಗೆ ಬಾಗಿಲು ಜಾಸ್ತಿ ಆಗ್ತವಂತೆ ಕಣಮ್ಮ!"

"ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು" ಎಂದರು ವೆಂಕಟಲಕ್ಷ್ಮಮ್ಮ. ಅಂದೇ ಮಾತ್ರೆ ನಿಂತಿತು.

ಮೆಣಸಿನಕಾಯಿ ಬೀಸಿದ ಮೇಲೆ ಗಿರಣಿಗೆ ಒಂದಷ್ಟು ನುಚ್ಚಕ್ಕಿ ಹಾಕಿ, ಖಾರವೆಲ್ಲ ಹೋಯಿತೆಂದು ನಾಲಗೆಗೆ ಗೊತ್ತಾದ ಮೇಲೆಯೇ ಅವರು ಇನ್ನೊಬ್ಬರ ರಾಗಿ ಸುರಿಯುತ್ತಿದ್ದರು. ಮೈಯನ್ನೂ ಹಾಗೇ ತೊಳೆಯಬಹುದೆಂದು ಚೊಂಬುಗಟ್ಟಲೆ ರಾಗಿ ಅಂಬಲಿ ಕುಡಿಯತೊಡಗಿದರು.

"ರೋಗ ಬರೋದ್ರೊಳಗೆ ಮಾತ್ರೆ ಅಂಶ ಎಲ್ಲ ಹೊರಕ್ಕೆ ಹೋಗ್ಬೇಕು ಕಣಪ್ಪ."

"ಡಾಕ್ಟರ್‌ನ ಒಂದ್ಸಲ ಕೇಳ್ರಿ, ಅಮ್ಮಾರ" ಎಂದೆ.

"ಮಾತ್ರೆ ಕಂಪ್ನಿಯೋರು ಅವರಿಗೆ ಏನೇನು ಕೊಡ್ತಾರೋ! ನೀನೂ ಅವರ ಕಡೆಯೋನೇನೋ?"

ಆಷಾಢದಲ್ಲಿ ಅವರಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಕೊರೊನಾ ಎಂದಾಯಿತು. ಉಸಿರಾಟ ಸರಿಯಾಗಿಯೇ ಇತ್ತು. ರಕ್ತದೊತ್ತಡ ಮಾತ್ರ ಹೆದರಿಕೆಯಾಗುವಷ್ಟು ಏರಿತ್ತು. ಕ್ಲಿನಿಕ್ಕಿನಲ್ಲಿ ಡಾಕ್ಟರ್ ಭೈರೇಶ್ ತಲೆಯಿಂದ ಕಾಲಿನವರೆಗೆ ಬಿಳಿ ಸೂಟಿನೊಳಗಿದ್ದರು. ನಾನು ಕಿಟಕಿಯಾಚೆ ನಿಂತಿದ್ದೆ.

"ಮಾತ್ರೆ ಯಾಕಮ್ಮ ಬಿಟ್ರಿ? ಹಿಂಗೇ ಇದ್ರೆ ಲಕ್ವ ಹೊಡೆಯುತ್ತೆ. ಈಗ್ಲೇ ನುಂಗಿ."

"ತಿಂದ್ರೆ ಕೊರೊನಾಗೆ ಬಾಗಿಲು ಜಾಸ್ತಿ ಆಗ್ತವಂತಲ್ಲ. ಮುಖಾನೇ ಕಾಣದೋನ ಮಾತು ಹೆಂಗಪ್ಪ ನಂಬೋದು?"

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ರಕ್ತನಾಳ ಬಿಗಿ ಮಾಡೋ ಹಾರ್ಮೋನ್ ಒಂದು ಮೈಯಲ್ಲಿದೆ. ಅದು ಅತಿಯಾಗದ ಹಾಗೆ ಒಡೆದು ಹಾಕೋ ಪ್ರೋಟೀನೂ ಇದೆ. ಕೊರೊನಾ ಆ ಪ್ರೋಟೀನನ್ನೇ ಹಿಡ್ಕೊಂಡು ಜೀವಕೋಶದೊಳಕ್ಕೆ ನುಗ್ಗೋದು, ನೀವನ್ನೋ ಬಾಗಿಲು ಅದೇ. ಆಗ ಆ ಪ್ರೋಟೀನ್ ಕಮ್ಮಿ ಆಗಿ, ಬಿಗಿ ಮಾಡೋ ಹಾರ್ಮೋನ್ ಜೋರಾಗಬಹುದು. ನಿಮ್ಮ ಮಾತ್ರೆ ಆ ಬಿಗೀನ ತಡೆಯುತ್ತೆ."

"ಹಂಗಾದ್ರೆ ಬಾಗಿಲು ಜಾಸ್ತಿ ಆಗೋದು ಸುಳ್ಳಾ?"

"ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಹಂಗೆ ಕಂಡಿತ್ತು. ಈ ಮಾತ್ರೆಯಿಂದ ಮನುಷ್ಯರಿಗೆ ಕೊರೊನಾ ಜೋರಾಗಿದ್ದು ಇದುವರೆಗೂ ಕಂಡಿಲ್ಲ."

"ಇದುವರೆಗೂ ಅಂದ್ರೆ?"

ಡಾಕ್ಟರು ಕೊಟ್ಟಿದ್ದ ಮಾತ್ರೆ ವೆಂಕಟಲಕ್ಷ್ಮಮ್ಮನ ಅಂಗೈಯಲ್ಲೇ ಇತ್ತು.

"ನಿಮ್ಮಮ್ಮಂಗೆ ಬಿ.ಪಿ. ಇದೆಯಾ?"

"ಇದೆ. ಇದೇ ಮಾತ್ರೆ ತಗೊಳ್ತಾರೆ."

"ಆ ಯಮ್ಮಂಗೆ ಫೋನ್ ಮಾಡು. ಜೋರಾಗಿ ಕೇಳಂಗಿಡು. ನೀನೇನೂ ಮಾತಾಡ್ಬೇಡ."

ಡಾಕ್ಟರು ಪ್ಲಾಸ್ಟಿಕ್ ಕವರಿನೊಳಗಿದ್ದ ಫೋನನ್ನು ಒತ್ತಿದರು. ಕೆಂಗೇರಿ ಉಪನಗರದಿಂದ ಅವರ ತಾಯಿ ಅಂಜನಮ್ಮನ ದನಿ ಕಿಟಕಿಯಾಚೆಗೂ ಕೇಳಿಸಿತು. "ನುಂಗಿದೆ ಕಣೋ, ನುಂಗಿದೆ! ಬೆಳಗ್ಗೆ ಒಂದ್ಸಲ ಕೇಳಿದ್ದಾಯ್ತು, ಈಗ ಮತ್ತೆ ಪ್ರಾಣ ತಿಂತೀಯ. ಬಿ.ಪಿ. ಮಾತ್ರೆ ಮರೆಯೋಕೆ ನಾನೇನು ಎಳೇ ಮಗೂನಾ?"

"ಒಂದಿನ ಬಿಟ್ರೆ ನಿಮ್ಮ ಮಗ ಏನಂತಾನಮ್ಮ?" ವೆಂಕಟಲಕ್ಷ್ಮಮ್ಮ ಫೋನಿನ ಕಡೆ ಬಾಗಿ ಕೇಳಿದರು.

"ಬಿಟ್ಟಿದ್ದೆ ತಾಯಿ. ಊಟ ಬಿಟ್ಟು ಕೂತ್ಕಂಡ. ಯಾರಮ್ಮ ನೀವು?"

ವೆಂಕಟಲಕ್ಷ್ಮಮ್ಮ ಕಿಟಕಿಯಾಚೆ ನಿಂತಿದ್ದ ನನ್ನ ಕಡೆ ತಿರುಗಿದರು. "ಇವನು ಹೇಳಿಕೊಟ್ಟಿದ್ರೆ ಆ ಯಮ್ಮಂಗೆ ಇಷ್ಟು ಸಿಟ್ಟು ಬರ್ತಿರಲಿಲ್ಲ ಕಣಪ್ಪ" ಎಂದು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು.