ಕೊನ್ಸು ಬಾಯಿಯ ಅಂಗಳದ ಶಿಲುಬೆ

ಕೊನ್ಸು ಬಾಯಿಯ ಬಗ್ಗೆ ಯಾರಾದರೂ "ಪಾಪ, ತುಂಬಾ ಸಹನೆಯ ಹೆಂಗಸು" ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಪಾಪವಂತೆ! ಸಹನೆಯಂತೆ! ಹಾಗೆ ಹೇಳುವವರಲ್ಲಿ ಅರ್ಧ ಜನ ಆ ವರ್ಷ ತುಟಿ ಹೊಲಿದುಕೊಂಡು ಕೂತವರು. ಹಾಗಾಗಿ ನಡೆದದ್ದನ್ನು ನಾನೇ ಹೇಳುತ್ತೇನೆ. ಇಗರ್ಜಿಯ ಹೆಸರು ಮಾತ್ರ ಬೇಡ, ದಣಿಯ ಮೊಮ್ಮಕ್ಕಳು ಜಗಳಕ್ಕೆ ಬಂದಾರು. ಗುರುವಾಯನಕೆರೆಯಿಂದ ಮೂಡಬಿದ್ರಿಗೆ ಹೋಗುವ ದಾರಿಯಲ್ಲಿ ಎಲ್ಲೋ ಒಳಗೆ ಎಂದುಕೊಳ್ಳಿ.

ನಾನು ಆ ಊರಿಗೆ ಸೊಸೆಯಾಗಿ ಬಂದಾಗ ಕೊನ್ಸು ಬಾಯಿ ಆಗಲೇ ವಿಧವೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗದ್ದೆ. ಆ ಗದ್ದೆ, ಮನೆ, ಬಾವಿ ಎಲ್ಲ ಜಮೀನ್ದಾರ ಗಾಸ್ಪರ್ ದಣಿಯದ್ದು. ಬಾಯಿ ಗೇಣಿಯ ಒಕ್ಕಲು. ಗಂಡ ಸಾಂತಾನ್ ಸತ್ತ ಮೇಲೂ ಎರಡು ಬೆಳೆ ತೆಗೆದು, ಗೇಣಿ ಅಕ್ಕಿ ಒಮ್ಮೆಯೂ ತಪ್ಪಿಸದೆ ಅಳೆದು ಕೊಟ್ಟವರು. ಇದ್ದೊಬ್ಬ ಮಗಳನ್ನು ಬಂಟ್ವಾಳದ ಕಡೆ ಮದುವೆ ಮಾಡಿ ಕೊಟ್ಟಿದ್ದರು.

ಇಗರ್ಜಿ ನಮ್ಮಿಂದ ದೂರ, ನಡುವೆ ಹೊಳೆ ಬೇರೆ. ಹಾಗಾಗಿ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ, ಪ್ರತಿ ಶುಕ್ರವಾರ, ನಮ್ಮ ವಾಡೆಯ, ಅಂದರೆ ಕೇರಿಯ, ಕ್ರೈಸ್ತರೆಲ್ಲ ಸಂಜೆ ಬಾಯಿಯ ಅಂಗಳದಲ್ಲಿ ಸೇರಿ, ಯೇಸು ಶಿಲುಬೆ ಹೊತ್ತು ನಡೆದ ಹದಿನಾಲ್ಕು ಸ್ಥಳಗಳನ್ನು ನೆನೆಯುವ ಶಿಲುಬೆಯ ಹಾದಿಯ ಪ್ರಾರ್ಥನೆ ಮಾಡುತ್ತಿದ್ದರು. ಸಾಂತಾನ್ ಹಲಸಿನ ಮರದಲ್ಲಿ ಕೆತ್ತಿ ನೆಟ್ಟ ಒಂದು ಶಿಲುಬೆ ಅಲ್ಲಿತ್ತು. ಬಾಯಿಗೆ ಅಕ್ಷರ ಬಾರದು, ಆದರೆ ಪ್ರಾರ್ಥನೆ ಪೂರ್ತಿ ಬಾಯಿಪಾಠ. ಮೇಲಿಂದ ತಮ್ಮದೇ ಎರಡು ಮಾತು ಸೇರಿಸುವ ಚಾಳಿಯೂ ಇತ್ತು. ಯೇಸುವಿಗೆ ಮರಣದಂಡನೆ ಕೊಟ್ಟ ಪಿಲಾತನು ಕೈ ತೊಳೆದುಕೊಳ್ಳುವಲ್ಲಿ, "ತೊಳಿ, ತೊಳಿ, ನಾಚಿಕೆ ಇಲ್ಲದವನೇ" ಎಂದು ಬೈದೇ ಮುಂದೆ ಹೋಗುವುದು. ನನಗೆ ನಗು ತಡೆಯುತ್ತಿರಲಿಲ್ಲ. ಅತ್ತೆ ಚಿವುಟುತ್ತಿದ್ದರು.

೧೯೬೨ರ ತಪಸ್ಸುಕಾಲ ಶುರುವಾಗುವಾಗ ಊರೆಲ್ಲ ಒಂದೇ ಸುದ್ದಿ: ಹೊಸ ಕಾನೂನು ಬರುತ್ತದಂತೆ, ಗದ್ದೆ ಉಳುವವನಿಗೇ ಹೋಗುತ್ತದಂತೆ. ದಣಿ ಬಂಟ್ವಾಳಕ್ಕೆ ಹೋಗಿ ಯಾರ ಮಾತು ಕೇಳಿ ಬಂದನೋ, ನೇರ ಬಾಯಿಯ ಅಂಗಳಕ್ಕೆ ಬಂದ. ಅವನಿಗೆ 'ಅವರು' ಅನ್ನಲು ನನ್ನ ನಾಲಿಗೆ ಏಳುವುದಿಲ್ಲ, ಕ್ಷಮಿಸಿ.

"ಕೊನ್ಸು, ಆ ಶಿಲುಬೆ ತೆಗೆಸು."

"ಯಾಕೆ ದಣಿ? ಅದು ನಿಮಗೆ ಎಂಥ ಮಾಡಿತು?"

"ನನಗೆ ಗೊತ್ತಿಲ್ಲವಾ ನಿಮ್ಮ ಉಪಾಯ? ಇವತ್ತು ಶಿಲುಬೆ. ನಾಳೆ ಪಾದ್ರಿಗಳು ಬಂದು ತೀರ್ಥ ಚಿಮುಕಿಸ್ತಾರೆ. ನಾಡಿದ್ದು ಅದಕ್ಕೊಂದು ಹಂಚಿನ ಮಾಡು. ಆಮೇಲೆ ಇದು ನನ್ನ ಜಾಗ ಅಂತ ನೀನು ಕೂತರೆ ಯಾರು ಎಬ್ಬಿಸುವುದು? ಗರಿಗಳ ಹಬ್ಬಕ್ಕೆ ಅದು ಇಲ್ಲಿ ಇರಬಾರದು. ಇದ್ರೆ ನೀನು ಇರುವುದಿಲ್ಲ."

ಈ ಮಾತು ಹೇಳಿದ್ದು ಯಾರು ಗೊತ್ತಾ? ಪ್ರತಿ ವರ್ಷ ಶುಭ ಶುಕ್ರವಾರ ಕೆಂಪು ನಿಲುವಂಗಿ ಹಾಕಿಕೊಂಡು ಇಗರ್ಜಿಯಲ್ಲಿ ದೊಡ್ಡ ಶಿಲುಬೆ ಹಿಡಿದು ನಿಲ್ಲುವ ಮನುಷ್ಯ! ನಮ್ಮವರಿಗೆ ಕಷ್ಟ ಕೊಟ್ಟ ರೋಮಿನ ರಾಜರ ಕಥೆಗಳನ್ನು ಪಾದ್ರಿಗಳ ಪ್ರಸಂಗದಲ್ಲಿ ಕೇಳಿ ಕಣ್ಣೊರೆಸಿಕೊಳ್ಳುವ ಮನುಷ್ಯ!

ಬಾಯಿ ತೆಗೆಸಲಿಲ್ಲ. "ಸತ್ತವರು ನೆಟ್ಟದ್ದು, ನಾನು ಕೀಳುವುದಿಲ್ಲ" ಎಂದರು. ಆಮೇಲೆ ಸುರುವಾಯಿತು ನೋಡಿ. ಮೊದಲು ತೋಡಿನ ನೀರು ಅವರ ಗದ್ದೆಗೆ ಬರದ ಹಾಗೆ ಕಟ್ಟ ಕಟ್ಟಿದರು. ಬಾವಿಗೆ ಹೋಗುವ ದಾರಿಗೆ ಮುಳ್ಳು ಬಿತ್ತು. ಹಾಲು ಕೊಡುವ ದನವನ್ನು ದಣಿಯ ತೋಟಕ್ಕೆ ನುಗ್ಗಿತು ಎಂದು ಸುಳ್ಳು ಹೇಳಿ ದೊಡ್ಡಿಗೆ ಹಾಕಿದರು. ಉಪವಾಸದ ದಿನ ಒಂದೇ ಹೊತ್ತು ಗಂಜಿ ಕುಡಿಯುವ ಹೆಂಗಸು ನಮ್ಮ ಬಾವಿಯಿಂದ ಕೊಡ ಹೊತ್ತುಕೊಂಡು ಗದ್ದೆಯ ಹುಣಿಯ ಮೇಲೆ ನಡೆಯುವುದನ್ನು ನೋಡಿದಾಗಲೆಲ್ಲ ನಾನು ಓಡಿ ಹೋಗಿ ಕೊಡಕ್ಕೆ ಕೈ ಕೊಡುತ್ತಿದ್ದೆ.

ಪಾದ್ರಿಗಳ ಹತ್ತಿರ ಹೋಗುವ ಎಂದು ಬಾಯಿಯನ್ನು ನಾನೇ ಎಬ್ಬಿಸಿಕೊಂಡು ಹೋದೆ. ಅವರು ಪೂರ್ತಿ ಕೇಳಿದರು. ಗಡ್ಡ ನೀವಿಕೊಂಡರು. ಇಗರ್ಜಿಯ ಹೊಸ ಗಂಟೆ ದಣಿಯ ದಾನ, ಅದು ಅವರ ಮುಖದಲ್ಲೇ ಕಾಣುತ್ತಿತ್ತು.

"ತಪಸ್ಸುಕಾಲ ಅಲ್ಲವಾ ಬಾಯಿ, ಸಹಿಸಿಕೊಳ್ಳಿ. ಇದನ್ನೆಲ್ಲ ಯೇಸುಸ್ವಾಮಿಗೆ ಒಪ್ಪಿಸಿ."

"ಒಪ್ಪಿಸ್ತೇನೆ ಪಾದ್ರ್ಯಾಬ್," ಎಂದರು ಬಾಯಿ. "ನನಗೆ ತಪಸ್ಸುಕಾಲ, ಸರಿ. ದಣಿಗೆ ಈಗ ಯಾವ ಕಾಲ? ಕ್ರಿಸ್ಮಸ್ಸಾ?"

ಪಾದ್ರಿಗಳು ಜಪದ ಪುಸ್ತಕ ತೆಗೆದುಕೊಂಡು ಒಳಗೆ ನಡೆದರು.

ಗರಿಗಳ ಹಬ್ಬ ಎಂದರೆ ಈಸ್ಟರಿನ ಹಿಂದಿನ ಭಾನುವಾರ. ಅದಕ್ಕೂ ಮುಂಚಿನ ಶುಕ್ರವಾರ ಮಧ್ಯಾಹ್ನ ದಣಿಯ ಕೆಲಸದವ ಡೊಂಬಯ್ಯ ಹಾರೆ ಹಿಡಿದುಕೊಂಡು ಬಂದ. ಬಂದವನು ಅಂಗಳದ ಬದಿಯಲ್ಲೇ ನಿಂತ. ಅವನ ಹೆಂಡತಿಯ ಮೂರು ಹೆರಿಗೆ ಮಾಡಿಸಿದವರು ಇದೇ ಬಾಯಿ.

"ಬಾಯಮ್ಮ, ದಣಿ ಹೇಳಿದ್ದಾರೆ..." ಎಂದು ಹಾರೆಯನ್ನು ಬೆನ್ನ ಹಿಂದೆ ಸರಿಸಿದ.

"ಗೊತ್ತುಂಟು ಮಾರಾಯ. ನಿನಗೂ ಹೊಟ್ಟೆ ಉಂಟಲ್ಲ. ಕೀಳು. ಮುರಿಯಬೇಡ, ಅಷ್ಟೆ."

ಅವನು ತಲೆ ಎತ್ತದೆ ಅಗೆದ. ಹೆಗಲ ಮೇಲೆ ಹೊತ್ತುಕೊಂಡು ದಣಿಯ ಕಟ್ಟಿಗೆ ಕೊಟ್ಟಿಗೆಗೆ ಹೊರಟ. ಬಾಯಿ ಗದ್ದೆಯ ಕೊನೆಯವರೆಗೂ ಅವನ ಹಿಂದೆ ನಡೆದರು.

ಸಂಜೆ ಜನ ಬಂದರು. ಗುಂಡಿ ನೋಡಿದರು. "ಇನ್ನು ಎಂಥ ಮಾಡುವುದು, ಮನೆಯಲ್ಲೇ ಪ್ರಾರ್ಥನೆ ಮಾಡುವ" ಎಂದು ಗಂಡಸರು ಒಬ್ಬೊಬ್ಬರೇ ಟೊಪ್ಪಿ ಹಾಕಿಕೊಂಡರು. ಆಗ ಬಾಯಿ ಹೋಗಿ ಗುಂಡಿಯ ಎದುರು ನಿಂತು ಶಿಲುಬೆಯ ಹಾಗೆ ಎರಡೂ ಕೈ ಅಗಲಿಸಿದರು. ನಮ್ಮ ಮನೆಗಳಲ್ಲಿ ತಪಸ್ಸುಕಾಲದ ಜಪಮಾಲೆ ಮುಗಿದ ಮೇಲೆ ಹಾಗೆ ಕೈ ಚಾಚಿ ಐದು ಸಲ 'ಆಮ್ಚ್ಯಾ ಬಾಪಾ', ಅಂದರೆ 'ನಮ್ಮ ತಂದೆಯೇ' ಎನ್ನುವ ಪ್ರಾರ್ಥನೆ, ಹೇಳುವ ಪದ್ಧತಿ ಉಂಟು. ಐದಕ್ಕೇ ಗಟ್ಟಿಮುಟ್ಟಾದವರ ತೋಳೂ ಬಿದ್ದುಹೋಗುತ್ತದೆ. ಬಾಯಿ ಹದಿನಾಲ್ಕು ಸ್ಥಳಗಳ ಪ್ರಾರ್ಥನೆಯನ್ನೂ ಹಾಗೆಯೇ ನಿಂತು ಹೇಳಲು ತೊಡಗಿದರು. ಪಿಲಾತನಿಗೆ ಬೈಗುಳವೂ ತಪ್ಪಲಿಲ್ಲ. ಹೊರಟವರು ನಿಂತರು.

ಅರ್ಧದಲ್ಲಿ ದಣಿ ಬಂದ. "ಇದೆಂಥ ನಾಟಕ?"

"ನಾಟಕ ಅಲ್ಲ ದಣಿ. ಇದಕ್ಕೆ ಗುಂಡಿ ಬೇಡ," ಎಂದರು ಬಾಯಿ, ಕೈ ಇಳಿಸದೆ. "ಕೀಳುವುದಾದ್ರೆ ಬನ್ನಿ, ಕೀಳಿ."

ತೋಳು ನಡುಗುವುದು ಕಂಡು ನಾನು ಓಡಿ ಹೋಗಿ ಒಂದು ಕೈಗೆ ಆಸರೆ ಕೊಟ್ಟೆ. ಇನ್ನೊಂದು ಕೈಗೆ ಯಾರೂ ಬರಲಿಲ್ಲ. ಅಷ್ಟು ಜನ ಗಂಡಸರು, ದಣಿಯ ಮುಖ ನೋಡಿ ನೆಲ ನೋಡಿದರು. ಥೂ! ಬಾಯಿ ಆ ಕೈಯನ್ನು ತಾವೇ ಎತ್ತಿ ಹಿಡಿದುಕೊಂಡು ಪ್ರಾರ್ಥನೆ ಮುಗಿಸಿದರು.

ಸೋಮವಾರ ದಣಿಯ ಆಳುಗಳು ಬಂದು ಪಾತ್ರೆ, ಚಾಪೆ, ಅಕ್ಕಿಮುಡಿ ಎಲ್ಲ ಅಂಗಳಕ್ಕೆ ಎಸೆದು ಬಾಗಿಲಿಗೆ ಬೀಗ ಹಾಕಿದರು. ಶಿಲುಬೆ ಹೋದ ಮೇಲೂ ಮನೆ ಬಿಡಿಸಿದರು! ಬಾಯಿ ನಮ್ಮ ಮನೆಗೆ ಬಂದರು. ಮಾವನಿಗೆ ಹೆದರಿಕೆ, ನಾವೂ ದಣಿಯ ಒಕ್ಕಲೇ. ಬಾಯಿಯನ್ನು ಕಳಿಸಿದರೆ ನಾನೂ ತವರಿಗೆ ಹೋಗುತ್ತೇನೆ ಎಂದು ಹಟ ಹಿಡಿದೆ. ಆ ಗದ್ದೆ ಅವರಿಗೆ ಮತ್ತೆ ಸಿಗಲಿಲ್ಲ. ಕಾನೂನು ಬಂತು, ಯಾರ್ಯಾರಿಗೋ ಭೂಮಿ ಸಿಕ್ಕಿತು, ಬಾಯಿಗೆ ಮಾತ್ರ ಇಲ್ಲ; ಆಗ ಅವರು ಆ ಗದ್ದೆಯ ಒಕ್ಕಲೇ ಅಲ್ಲವಲ್ಲ.

ಶುಭ ಶುಕ್ರವಾರ ಹೊಳೆ ದಾಟಿ ಇಗರ್ಜಿಗೆ ಹೋದೆವು. ಗಂಟೆ ಬಾರಿಸದ ದಿನ, ಮರದ ಹಲಗೆಯ ಕಟಕಟ ಒಂದೇ ಸದ್ದು. ಪೀಠದ ಮೆಟ್ಟಿಲ ಮೇಲೆ ಕೆಂಪು ನಿಲುವಂಗಿಯ ಗಾಸ್ಪರ್ ದಣಿ, ದೊಡ್ಡ ಶಿಲುಬೆಯ ಬುಡ ಊರಿ ನೆಟ್ಟಗೆ ಹಿಡಿದುಕೊಂಡು ನಿಂತಿದ್ದಾನೆ. ಜನ ಬರಿಗಾಲಲ್ಲಿ ಸಾಲಾಗಿ ಹೋಗಿ ಮೊಣಕಾಲೂರಿ ಮುತ್ತಿಡುತ್ತಿದ್ದರು. ಬಾಯಿ ಸಾಲಿನಲ್ಲಿ ನನ್ನ ಮುಂದೆ. ಈ ಹೆಂಗಸು ಅವನ ಕೈಯಲ್ಲಿದ್ದ ಶಿಲುಬೆಗೆ ಮುತ್ತಿಡುತ್ತದಾ ಎಂದು ಇಡೀ ಇಗರ್ಜಿ ನೋಡುತ್ತಿತ್ತು.

ಬಾಯಿ ಮೊಣಕಾಲೂರಿದರು. ಯೇಸುವಿನ ಪಾದಕ್ಕೆ ನಿಧಾನವಾಗಿ ಮುತ್ತಿಟ್ಟರು. ಎದ್ದು ನಿಂತು, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದರು: "ದಣಿ, ನೆಲಕ್ಕೆ ಊರಬೇಡಿ. ಜಾಗ ನನ್ನದಾದೀತು."

ದಣಿ ಗಕ್ಕನೆ ಶಿಲುಬೆಯ ಬುಡವನ್ನು ಮೆಟ್ಟಿಲಿನಿಂದ ಮೇಲೆತ್ತಿದ.

ನನ್ನ ಹಿಂದೆ ಯಾರೋ ನಕ್ಕರು. ಅವನ ಕಿವಿ ಕೆಂಪಾಯಿತು. ಎತ್ತಿದ್ದನ್ನು ಇಳಿಸಲು ಇನ್ನು ಅವನಿಗೆ ಮುಖವಿರಲಿಲ್ಲ. ಸಾಲು ಮುಗಿಯುವವರೆಗೂ ಅಷ್ಟು ಭಾರದ ಶಿಲುಬೆಯನ್ನು, ತೋಳು ನಡುಗುತ್ತಿದ್ದರೂ, ಹಾಗೆಯೇ ಎತ್ತಿ ಹಿಡಿದುಕೊಂಡೇ ನಿಂತ.