ಗರಜು ಮುಚ್ಚಿಟ್ಟ ದಾರಿ

ನಾನು ವ್ಯಾಪಾರ ಕಲಿತದ್ದು ಚಿಕ್ಕೋಡಿಯ ದನದ ಸಂತೆಯಲ್ಲಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಒಗ್ಗದಿದ್ದರೆ ಕೈ ಕೊಡವಿ ಎದ್ದು ನಡೆಯಬೇಕು. ಹಿಂದಿನಿಂದ ಕರೆ ಬರುವ ತನಕ ತಿರುಗಿ ನೋಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಮಗೆ ಗರಜು ಇದೆ, ಆ ಎತ್ತು ಬೇಕೇ ಬೇಕು ಎಂಬುದು ಎದುರಿನವನಿಗೆ ಗೊತ್ತಾಗಬಾರದು. ಈ ವಿದ್ಯೆಯಿಂದಲೇ ನಾನು ಎತ್ತು ಬಿಟ್ಟು ಹಳೆಯ ಮೋಟರ್‌ಸೈಕಲ್‌ಗಳ ವ್ಯಾಪಾರಕ್ಕೆ ಇಳಿದೆ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ರಾಯಬಾಗದಿಂದ ಕಾಗವಾಡದ ತನಕ ಹಳೆಯ ಗಾಡಿ ಬೇಕಾದವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆ ಗಾಡಿಗಳಿಗೆ ಜೀವ ತುಂಬುತ್ತಿದ್ದವನು ನಿಪ್ಪಾಣಿಯ ಒಬ್ಬ ಮಿಸ್ತ್ರಿ. ನನಗಿಂತ ಸಣ್ಣವನು, ಅಣ್ಣಾ ಎಂದೇ ಕರೆಯುತ್ತಿದ್ದ. ತಾಯಿ ತೀರಿದ ಮೇಲೆ ಅವನನ್ನು ಸಾಕಿದವಳು ಅವನ ಅಕ್ಕ; ಅವಳನ್ನು ಆಪಾ ಎನ್ನುತ್ತಿದ್ದ. ಅವಳನ್ನು ರಾಧಾನಗರಿಯ ಆಚೆ, ಘಟ್ಟದ ಒಂದು ಹಳ್ಳಿಗೆ ಕೊಟ್ಟಿದ್ದರು. ಒಂದು ಮಳೆಗಾಲದ ಮುಂಜಾನೆ ಆ ಕಡೆಯ ಬಸ್ಸಿನ ಡ್ರೈವರ್ ಸುದ್ದಿ ತಂದ: ಅಕ್ಕ ರಾತ್ರಿ ತೀರಿಕೊಂಡಿದ್ದಾಳೆ, ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ದಫನ್.

ನಾನು ಆಗ ಅವನ ಗ್ಯಾರೇಜಿನಲ್ಲೇ ಇದ್ದೆ. "ಹತ್ತು ಹಿಂದ, ನಾ ಮುಟ್ಟಸ್ತೀನಿ" ಅಂದೆ.

"ಮಾರಿ ನೋಡಿ, ನನ್ನ ಕೈಲೆ ಆಪಾನ ಮಣ್ಣಿಗೆ ಇಳಸಬೇಕು ಅಣ್ಣಾ. ಅಷ್ಟ ಆದ್ರ ಸಾಕು."

ಘಟ್ಟದಲ್ಲಿ ಗಾಡಿ ಹೊಡೆಯುವವರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಒದ್ದೆ ಎಲೆ ಬಿದ್ದಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಮೊದಲು ಇಳಿದು ನಡೆದು ನೋಡಿ. ಮೊಣಕಾಲಿನ ಕೆಳಗೇ ಇದ್ದರೆ ಮೊದಲನೇ ಗೇರಿನಲ್ಲಿ ಎಕ್ಸಲರೇಟರ್ ಬಿಡದೆ ದಾಟಿ, ಬಿಟ್ಟರೆ ಸೈಲೆನ್ಸರಿಗೆ ನೀರು ನುಗ್ಗುತ್ತದೆ. ಅವತ್ತು ಇಂಥ ಎರಡು ಹಳ್ಳಗಳನ್ನು ನಾನು ಸಲೀಸಾಗಿ ದಾಟಿಸಿದೆ. ಕೆಂಪು ಕೆಸರಿನ ಏರಿನಲ್ಲಿ ಮಿಸ್ತ್ರಿ ಇಳಿದು ನೂಕಿದ. ಹೊತ್ತು ಇನ್ನೂ ನಮ್ಮ ಕೈಯಲ್ಲಿತ್ತು.

ದಾಜೀಪುರದ ಕಾಡಿನ ತಿರುವಿನಲ್ಲಿ ದೊಡ್ಡ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಒಂದು ಕಡೆ ಕಡಿದಾದ ಗುಡ್ಡ, ಇನ್ನೊಂದು ಕಡೆ ಕಣಿವೆ. ಕಂಬಳಿ ಹೊದ್ದ ನಾಲ್ಕು ಜನ ಕೊಡಲಿ, ಹಗ್ಗ, ಬಿದಿರಿನ ಗಳ ಹಿಡಿದು ನಿಂತಿದ್ದರು. ಮರ ಕಡಿಯಲು ಸಂಜೆಯಾಗುತ್ತದೆ, ಗಾಡಿಯನ್ನಾದರೆ ಗಳಕ್ಕೆ ಕಟ್ಟಿ ಈಗಲೇ ದಾಟಿಸುತ್ತೇವೆ ಎಂದು ಅವರಲ್ಲಿ ಹಿರಿಯನಾದವನು ಬೆಲೆ ಹೇಳಿದ. ಅವರು ಆಡಿದ್ದು ಮರಾಠಿ. ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

ಬೆಲೆ ಕೇಳಿದ್ದೇ ತಡ, ನನ್ನೊಳಗಿನ ಸಂತೆ ಎದ್ದಿತು. ಗಾಡಿ ಸ್ಟ್ಯಾಂಡಿಗೆ ಹಾಕಿ ಅದೇ ಮರದ ಮೇಲೆ ಕೂತು ಬೀಡಿ ಹಚ್ಚಿದೆ.

"ನಮಗೇನ ಅವಸರ ಇಲ್ರಿ ಅಜ್ಜಾ. ಕಾಡು ನೋಡಾಕ ಬಂದೀವಿ. ಅರ್ಧಕ್ಕ ಆದ್ರ ಹೇಳ್ರಿ."

"ಈ ಮಳ್ಯಾಗ ಕಾಡು ನೋಡಾಕ? ಹಂಗಾದ್ರ ಕುಂತ ನೋಡ್ರಿ ಸಾವಕಾರ್ರ, ಪುಕ್ಕಟ ಐತಿ" ಎಂದ ಮುದುಕ. ಉಳಿದವರು ನಕ್ಕರು.

ಮಿಸ್ತ್ರಿ ಬಗ್ಗಿ ನನ್ನ ಕಿವಿಯಲ್ಲಿ, "ಅಣ್ಣಾ, ಇದ್ದದ್ದ ಹೇಳ್ಲೇನು?" ಅಂದ.

"ಬಾಯಿ ಮುಚಗೊಂಡ ನಿಂದರ್ಲೇ. ಗರಜು ಗೊತ್ತಾತಂದ್ರ ಇನ್ನೂ ಏರಸ್ತಾರ."

ಹತ್ತಿಪ್ಪತ್ತು ನಿಮಿಷ ಮಾತು ಹಗ್ಗದಂತೆ ಜಗ್ಗಾಡಿತು. ಕೊನೆಗೆ ನನ್ನ ಹಳೆಯ ಪಟ್ಟು ಹಾಕಿದೆ: ಗಾಡಿ ತಿರುಗಿಸಿ, ಮಿಸ್ತ್ರಿಯನ್ನು ಹತ್ತಿಸಿಕೊಂಡು, ಬಂದ ದಾರಿಯಲ್ಲೇ ಹೊರಟೆ. ಸಂತೆಯಲ್ಲಿ ಹತ್ತು ಹೆಜ್ಜೆಗೆ ಕರೆಯುತ್ತಾರೆ. ಇಲ್ಲಿ ತಿರುವು ದಾಟಿ ನಿಂತರೂ ಯಾರೂ ಕರೆಯಲಿಲ್ಲ. ಮಳೆ ಜೋರಾಯಿತು. "ಈಗ ಕರೀತಾರ ನೋಡು" ಎಂದು ನಾನು ಎಷ್ಟು ಸಲ ಅಂದೆನೋ. ಆ ಕಡೆಯಿಂದ ಕೊಡಲಿಯ ಸಪ್ಪಳ ಮಾತ್ರ ಕೇಳುತ್ತಿತ್ತು. ಅವರಿಗೆ ನಾವು ಕಾಡು ನೋಡಲು ಬಂದವರು; ಹೋದರೆ ಹೋದರು.

ಮಿಸ್ತ್ರಿ ಗಡಿಯಾರ ನೋಡಿಕೊಂಡ. ಇಳಿದು, ತಲೆಗೆ ಕಟ್ಟಿದ್ದ ಕರವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು, ನಡೆದೇ ಅವರ ಹತ್ತಿರ ಹೋದ. ನಾನು ಗಾಡಿ ತಿರುಗಿಸಿ ತರುವಷ್ಟರಲ್ಲಿ ಮುದುಕ ಗಳ ಎತ್ತಿಕೊಂಡು ನಿಂತಿದ್ದ. ನನ್ನ ಕಡೆ ನೋಡಿ ಬೈದ:

"ಮಣ್ಣಿಗೆ ಹೊಂಟವರ ಕಡೆ ರೊಕ್ಕ ತಗೋಳೂ ಮಂದಿ ಏನ್ರಿ ನಾವು? ಮೊದಲ ಹೇಳಾಕ ನಿಮಗೇನ ಧಾಡಿ ಆಗಿತ್ತು?"

ನಾಲ್ಕೂ ಜನ ಹೆಗಲು ಕೊಟ್ಟು, ಒಂದೇ ಉಸಿರಿಗೆ ಗಾಡಿಯನ್ನು ಆಚೆ ಇಳಿಸಿದರು. ಜೇಬಿಗೆ ಹೋದ ನನ್ನ ಕೈಯನ್ನು ಮುದುಕ ಹಿಡಿದು ಹೊರಗೆ ಎಳೆದ.

ಹಳ್ಳಿ ಮುಟ್ಟಿದಾಗ ಜನ ಕಬರಸ್ತಾನದಿಂದ ಎದುರಿಗೇ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಕೆಂಪು ಮಣ್ಣು. ಮಿಸ್ತ್ರಿಯ ಭಾವ ಅವನನ್ನು ತಬ್ಬಿಕೊಂಡು ಅತ್ತ. "ಕುಣ್ಯಾಗ ನೀರ ತುಂಬಾಕತ್ತಿತ್ತೋ. ತಡದಷ್ಟು ತಡದ್ವಿ. ಈಗಷ್ಟ, ಈಗಷ್ಟ ಮಣ್ಣ ಮುಚ್ಚೀವಿ." ಮಿಸ್ತ್ರಿ ಹೋಗಿ ಆ ಹಸಿ ಮಣ್ಣಿನ ಮೇಲೆ ಮೂರು ಹಿಡಿ ಮಣ್ಣು ಹಾಕಿ, ಅಂಗೈ ಊರಿ ಕೂತ. ನಾನು ಗೋಡೆಯ ಹೊರಗೆ ನಿಂತಿದ್ದೆ. ಹಳ್ಳಗಳೂ ಕೆಸರೂ ನಮ್ಮನ್ನು ತಡೆದಿರಲಿಲ್ಲ. ಮರವೂ ತಡೆದಿರಲಿಲ್ಲ.

ಹಿಂದಿರುಗುವಾಗ ಮರ ಕಡಿದು ದಾರಿ ಮಾಡಿದ್ದರು. ಅಲ್ಲಿ ಯಾರೂ ಇರಲಿಲ್ಲ. ನಿಪ್ಪಾಣಿಯ ತನಕ ಮಿಸ್ತ್ರಿ ಆಡಿದ್ದು ಒಂದೇ ಮಾತು: "ಮುಂದ ತೆಗ್ಗ ಐತಿ ಅಣ್ಣಾ, ಹಗೂರಕ ಹೊಡೀರಿ."

ಆಮೇಲೂ ಎಷ್ಟೋ ವರ್ಷ ನನ್ನ ಗಾಡಿಗಳನ್ನು ಅವನೇ ರಿಪೇರಿ ಮಾಡಿದ, ಒಂದು ಕಟು ಮಾತು ಆಡಲಿಲ್ಲ. ಮೊದಲೆಲ್ಲ ರಿಪೇರಿ ಮುಗಿದರೆ ನನ್ನ ಹಿಂದೆ ಕೂತು, ಇಂಜಿನ್ನಿನ ಸಪ್ಪಳ ಕೇಳುತ್ತ ಹೈವೇ ತನಕ ಬರುತ್ತಿದ್ದ. ಅವತ್ತಿನಿಂದ ಅದು ನಿಂತಿತು. "ಹತ್ತೋ" ಎಂದು ಕರೆದಾಗಲೆಲ್ಲ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ, "ನೀವ ಹೋಗಿ ನೋಡ್ಕೊಂಡ ಬರ್ರಿ ಅಣ್ಣಾ, ನಾ ಇಲ್ಲೇ ಇರ್ತೀನಿ" ಅನ್ನುತ್ತಿದ್ದ.